ಬ್ಯಾರನ್‌ನಲ್ಲಿ ಒಣಗಿದ ಕಾರು

ಮನೆಗೆ ಬಣ್ಣ ಹೊಡೆಯುವವರು ಕಿಟಕಿಗೆ ಸುತ್ತಿದ ಟೇಪು ಕೀಳುವಾಗ ಬರುವ ಥಿನ್ನರ್ ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ.

ಪಿರಿಯಾಪಟ್ಟಣದ ಹತ್ತಿರದ ನಮ್ಮ ಮನೆಯಲ್ಲಿ ಚಿಕ್ಕಪ್ಪ ಎರಡು ತಿಂಗಳು ಕೂತು ಅಂಗೈಯಗಲದ ಪ್ಲಾಸ್ಟಿಕ್ ಕಾರೊಂದನ್ನು ಜೋಡಿಸಿದ್ದ. ಮೈಗೆಲ್ಲ ಬಿಳಿ ಬಳಿದು, ಅದು ಒಣಗಿದ ಮೇಲೆ ಕೆಳಗಿನ ಅರ್ಧಕ್ಕೆ ಟೇಪು ಸುತ್ತಿ, ಮೇಲಿನರ್ಧಕ್ಕೆ ಕೆಂಪು ಹೊಡೆದ. "ಸಂಜೆ ಬಂದು ನಿನ್ ಕೈಲೇ ಟೇಪ್ ಕೀಳಿಸ್ತೀನಿ ಕಣವ್ವ" ಎಂದು ನನಗೆ ಹೇಳಿ ಪೇಟೆಗೆ ಹೋದ.

ಅವತ್ತು ಜಡಿಮಳೆ. ಮಧ್ಯಾಹ್ನವಾದರೂ ಕೆಂಪು ಬಣ್ಣ ಬೆರಳಿಗೆ ಅಂಟುತ್ತಲೇ ಇತ್ತು. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಕೋಣೆಯ ಒಲೆಗೆ ಸೌದೆ ತುಂಬುತ್ತಿದ್ದ ಅಪ್ಪ ನನ್ನ ಪರದಾಟ ನೋಡಿದ.

"ಬ್ಯಾರನ್ ಒಳಕ್ಕೆ ಮಡಗವ್ವ. ಅಷ್ಟು ಸೊಪ್ಪೇ ಒಣಗ್ತದೆ, ಇದೊಂದು ಒಣಗಲ್ವಾ?"

ಇಟ್ಟೆ.

ಸಂಜೆ ಹೊರಗೆ ತೆಗೆದಾಗ ಕಾರಿನ ಚಾವಣಿ ಹಪ್ಪಳದಂತೆ ಸೊಟ್ಟಗಾಗಿತ್ತು. ಪೇಟೆಯಿಂದ ಬಂದ ಚಿಕ್ಕಪ್ಪ ಟೇಪಿನ ತುದಿ ಹಿಡಿದು ಎಳೆದ. ಕೆಳಗಿದ್ದ ಬಿಳಿ ಬಣ್ಣವೆಲ್ಲ ಸಿಪ್ಪೆ ಸುಲಿದ ಹಾಗೆ ಅದರ ಜೊತೆಗೇ ಬಂತು.

"ಯಾರು ಒಳಗಿಟ್ಟಿದ್ದು?" ಎಂದು ಕೇಳಿದ.

"ಮಗು ಕಣ್ಲಾ, ತಿಳೀದೆ ಮಡಗ್ಬುಟ್ಟದೆ. ಬಯ್ಬ್ಯಾಡ ಬುಡು" ಎಂದ ಅಪ್ಪ.

ಚಿಕ್ಕಪ್ಪ ಬಯ್ಯಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಕಾರನ್ನು ಒಲೆಯೊಳಕ್ಕೆ ಎಸೆದ. ಆಮೇಲೆ ಎಂದೂ ನನ್ನನ್ನು ಬಣ್ಣದ ಡಬ್ಬಿಗಳ ಹತ್ತಿರ ಕರೆಯಲಿಲ್ಲ.

ಅವತ್ತು, ಒಳಗಿಡಲು ಹೇಳಿದ್ದು ಯಾರೆಂದು ಹೇಳಲು ನಾನು ಬಾಯಿ ತೆರೆದಿದ್ದೆ. ಆಗ ಅಪ್ಪನ ಕೈ ನನ್ನ ತಲೆಯ ಮೇಲಿತ್ತು. ಅದು ಎಂದೂ ಇಲ್ಲದಷ್ಟು ಮೆತ್ತಗೆ ಸವರುತ್ತಿತ್ತು.