ಬಿಸಿಲಿನ ಚೀಟಿ

ನೆಲದಡಿಯ ಊರಿನಲ್ಲಿ ಮೇಲೆ ಹೋಗಲು ಬಿಸಿಲಿನ ಚೀಟಿ ಬೇಕಾದವರು ವರ್ಷಕ್ಕೊಮ್ಮೆ ‘ಕಂಪ್ಲೈ’ ಎಂಬ ಇಂಗ್ಲಿಷ್ ಪದದ ಅರ್ಥ ಹೇಳಿ, ಅದನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕಿತ್ತು. ಕಿರಿಮಗಳು ಚಂಪಾಳಿಗೂ ಒಂದು ಚೀಟಿ ಸಿಕ್ಕೀತೆಂದು ತುಂಗವ್ವ ವಾರವಿಡೀ ಉರು ಹೊಡೆದಿದ್ದಳು.

“ಕಂಪ್ಲೈ ಅಂದ್ರ ಹೇಳಿದ್ಹಂಗ ಕೇಳೋದ್ರಿ. ಮನಿಗೆ ಒಂದ ಕೂಸು ಮ್ಯಾಲ ಬರಲಿ ಅಂದ್ರಿ, ನಾ ಕಂಪ್ಲೈ ಮಾಡಿದೆ. ದೊಡ್ಡಾವ ಬಿಸಿಲಾಗ ಆಡಿ ಬೆಳದ. ಕತ್ತಲಾಗ ಉಳದ ಚಂಪಾನ ಕಾಲು ಸೊಟ್ಟ ಆದುವು. ಈ ಸಲ ಎರಡ ಚೀಟಿ ಕೊಡ್ರಿ, ಸಾಹೇಬ್ರ.”

“ಭೇಷ್! ಈ ವಾಕ್ಯಾನ ಪಠ್ಯಪುಸ್ತಕಕ್ಕ ಹಾಕೋಣವ್ವಾ, ಕಾಲಿನ ಸುದ್ದಿ ಬಿಟ್ಟು,” ಎಂದ ಪರೀಕ್ಷಕ, ಹತ್ತಕ್ಕೆ ಹತ್ತು ಅಂಕ ಕೊಟ್ಟು ಪುಸ್ತಕದಿಂದ ಒಂದೇ ಚೀಟಿ ಹರಿದ. “ಯಾರ ಹೆಸರ ಬರೀಲಿ? ಮ್ಯಾಲಕ್ಕ ಮುನ್ನೂರು ಮೆಟ್ಟಲ ಅದಾವ. ಎತ್ಕೊಂಡು ಹೋಗೂ ಹಂಗಿಲ್ಲ.”

ತುಂಗವ್ವ ಮೆಟ್ಟಿಲು ಹತ್ತಬಲ್ಲವನ ಹೆಸರು ಹೇಳಿದಳು.