ಬೇಗ ಕರಗಬೇಕು

ಜುಂಬಾ ತರಗತಿಗೆ ಬಂದ ಮೊದಲ ದಿನವೇ ಸರ್ವಮಂಗಳಮ್ಮ ಏದುಸಿರು ಬಿಡುತ್ತ ಗೋಡೆ ಬದಿಗೆ ಕುಸಿದು ಕೂತರು. ಹಿಂದಿನ ಸಾಲಿನ ಹುಡುಗಿಯರು ಮುಸಿಮುಸಿ ನಕ್ಕರು.

"ನಿಧಾನ ಆಂಟಿ. ಯಾಕಷ್ಟು ಅವಸರ? ಮನೇಲಿ ಮದುವೆ ಇದೆಯಾ?" ಎಂದಳು ಕಲಿಸುವಾಕೆ.

"ಇಲ್ಲಮ್ಮ. ನನ್ನ ಲಿವರ್‌ನಲ್ಲಿ ಒಂದು ತುಂಡು ಮಗಳಿಗೆ ಕೊಡಬೇಕು. ಕೊಬ್ಬು ಜಾಸ್ತಿ ಇದೆ, ಕರಗಿಸ್ಕೊಂಡು ಬನ್ನಿ ಅಂದಿದಾರೆ ಡಾಕ್ಟ್ರು."

ನಗು ನಿಂತಿತು. ಕಲಿಸುವಾಕೆ ಕೈಹಿಡಿದು ಎಬ್ಬಿಸಿದಳು. ಈ ಸಲ ಎಲ್ಲರೂ ಅವರ ಹೆಜ್ಜೆಗೆ ತಮ್ಮ ಹೆಜ್ಜೆ ಹೊಂದಿಸಿಕೊಂಡರು. ಹಾಡು ಮುಗಿಯುವವರೆಗೂ ಸರ್ವಮಂಗಳಮ್ಮ ನಿಲ್ಲಲಿಲ್ಲ.

ಬೆವರು ಒರೆಸಿಕೊಳ್ಳುತ್ತಲೇ ಆಸ್ಪತ್ರೆಯಲ್ಲಿ ಮಗಳ ಬಳಿಯಿದ್ದ ಗಂಡನಿಗೆ ಫೋನ್ ಮಾಡಿದರು.

"ರೀ, ಒಂದು ಹಾಡು ಪೂರ್ತಿ ಕುಣಿದೆ!"



"ಹೊರಟು ಬಾ ಮಂಗಳಾ. ಮಗೂಗೆ ಇನ್ನು ಮೇಲೆ ಏನೂ ಬೇಡ."