ಅಜ್ಜಿಗೆ ಗೊತ್ತಿರುವ ಹಾಗೆ

ಖಾಖ್ರಾ ಪೊಟ್ಟಣ ಒಡೆದಾಗ ಬರುವ ಹುರಿದ ಮೆಂತ್ಯಸೊಪ್ಪಿನ ವಾಸನೆ ಈಗಲೂ ನನ್ನನ್ನು ಅಹಮದಾಬಾದಿನ ಒಂದು ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ನನಗಾಗ ಒಂಬತ್ತು ವರ್ಷ. ಅಪ್ಪನಿಗೆ ಅಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಶಾಲೆಯಲ್ಲಿ ಕನ್ನಡವಿಲ್ಲವೆಂದು ಅಮ್ಮ ಪ್ರತಿ ಭಾನುವಾರ ನನ್ನಿಂದ ಹಾಸನದ ಅಜ್ಜಿಗೆ, ಅಂದರೆ ತನ್ನ ಅಮ್ಮನಿಗೆ, ಕಾಗದ ಬರೆಸುತ್ತಿದ್ದಳು. ಅವಳು ಊರಿನಿಂದ ತಂದಿದ್ದ ಟ್ರಂಕೇ ನನ್ನ ಮೇಜು. ಬರೆದದ್ದನ್ನು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದಳು.

ಅಂದು ನಾನು “ಖಾಖ್ರಾ ತಿಂದೆ, ಚೆನ್ನಾಗಿತ್ತು” ಎಂದು ಬರೆದೆ.

“ಅಜ್ಜಿ ಖಾಖ್ರಾ ನೋಡೇ ಇಲ್ಲ ಕಣೇ,” ಎಂದಳು ಅಮ್ಮ. “ಅಜ್ಜಿಗೆ ಗೊತ್ತಿರೋ ಯಾವುದರ ಹಾಗಿದೆ ಅಂತ ಬರಿ. ಆಗ ಕಣ್ಣಿಗೆ ಕಟ್ಟುತ್ತೆ.”

“ಹಪ್ಪಳದ ಹಾಗಿರೋ ಚಪಾತಿ?”

“ಹ್ಞಾಂ, ಅದಕ್ಕೇ ಉಪಮೆ ಅನ್ನೋದು.”

ನನಗೆ ಅದರ ಹುಚ್ಚೇ ಹಿಡಿಯಿತು. ಸಾಬರಮತಿಗೆ, ಒಂಟೆಗಾಡಿಗೆ, ಪಕ್ಕದ ಮನೆಯ ಮುದುಕಿಗೆ, ಎಲ್ಲಕ್ಕೂ ಹಾಸನದಿಂದ ಒಂದೊಂದು ಹೋಲಿಕೆ ಹುಡುಕಿದೆ. ಅಮ್ಮ ಒಲೆಯ ಕಡೆ ಹೋದಾಗ ಕೊನೆಯ ಸಾಲು ಬರೆದೆ: “ಅಮ್ಮ ಇಲ್ಲಿ ನಿಮ್ಮ ಮನೆಗೆ ಬರುವ ನೆಂಟರ ಹಾಗೆ ಇದ್ದಾಳೆ. ಮೂರು ವರ್ಷವಾದರೂ ಸೀರೆಗಳು ಟ್ರಂಕಿನಲ್ಲೇ ಇವೆ.”

ಅಮ್ಮ ಬಂದು ಓದಿದಳು. ಕೆಂಪು ಪೆನ್ನಿನ ಕ್ಯಾಪ್ ತೆಗೆದಳು, ಮತ್ತೆ ಹಾಕಿದಳು.

“ತಪ್ಪಾಗಿದ್ಯಾ ಅಮ್ಮ?”

“ಇಲ್ಲ. ಸರಿಯಾಗೇ ಇದೆ.”

ನನ್ನನ್ನು ಪಕ್ಕಕ್ಕೆ ಸರಿಸಿ ಟ್ರಂಕ್ ತೆರೆದಳು. ಸೀರೆಗಳನ್ನು ಒಂದೊಂದಾಗಿ ಬೀರುವಿನಲ್ಲಿ ಜೋಡಿಸಿದಳು. ಖಾಲಿಯಾದ ಟ್ರಂಕಿನ ತಳದಲ್ಲಿ ನನ್ನ ಕಾಗದವನ್ನಿಟ್ಟು ಮುಚ್ಚಳ ಹಾಕಿದಳು.